ಸಂಗೀತದ ಕೋಣೆಗೊಂದು ಚಿತ್ರ

ನಿಮ್ಮ ಮನೆಯಲ್ಲಿ ಸಂಗೀತಕ್ಕೆಂದು ಒಂದು ಕೋಣೆಯಿದೆಯೇ? ಕೋಣೆಯಿಲ್ಲದಿದ್ದರೆ ಒಂದು ಮೂಲೆಯಾದರೂ ಇದ್ದೀತು. ಒಂದು ಹಾರ್ಮೋನಿಯಂ ಪೆಟ್ಟಿಗೆ, ಗೋಡೆಗೆ ಒರಗಿಸಿಟ್ಟ ಗಿಟಾರು, ಕ್ರಿಸ್ಮಸ್ಸಿನ ಹಿಂದಿನ ವಾರ ಮಾತ್ರ ಧೂಳು ಕೊಡವಿಕೊಳ್ಳುವ ಕೀರ್ತನೆಯ ಪುಸ್ತಕಗಳು ಇರುವಂಥ ಮೂಲೆ. ಬಿಡುವಾದಾಗ ಒಮ್ಮೆ ಅಲ್ಲಿ ಹೋಗಿ ಕುಳಿತು, ನುಡಿಸುವವರ ಕಣ್ಣಿಗೆ ಎದುರಾಗಿ ಗೋಡೆಯ ಮೇಲೆ ಏನಿದೆಯೆಂದು ನೋಡಿರಿ. ನಾನು ಹಾಗೆ ನೋಡಿದ್ದು ಬಹಳ ತಡವಾಗಿ.

ಮಂಗಳೂರಿನಲ್ಲಿರುವ ನಮ್ಮ ಮನೆಯ ಮಾಳಿಗೆಯಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆಯಿದೆ. ಹಿಂದೆ ಅದು ತೆಂಗಿನಕಾಯಿ ರಾಶಿ ಹಾಕುವ ಸ್ಥಳವಾಗಿತ್ತು. ಮಗಳು ಏಳನೆಯ ವಯಸ್ಸಿನಲ್ಲಿ ವಯಲಿನ್ ಕಲಿಯತೊಡಗಿದಾಗ ಅದನ್ನು ತೆರವು ಮಾಡಿ, ಸುಣ್ಣ ಬಳಿಸಿ, ನನ್ನ ತಂದೆಯವರ ಹಾರ್ಮೋನಿಯಂ ಅನ್ನು ಕೆಳಗಿನಿಂದ ಮೇಲಕ್ಕೆ ಸಾಗಿಸಿ, ‘ಸಂಗೀತದ ಕೋಣೆ’ ಎಂದು ಹೆಸರಿಟ್ಟೆವು. ತಂದೆಯವರು ನಮ್ಮ ಸಭೆಯ ಗಾಯನ ಮಂಡಳಿಯನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆಸಿದವರು. ನನಗೆ ಸಂಗೀತ ಒಲಿಯಲಿಲ್ಲ. ಒಂದು ತಲೆಮಾರು ದಾಟಿ ಮೊಮ್ಮಗಳಿಗೆ ಒಲಿಯಿತೆಂಬ ಹಿಗ್ಗು ನನ್ನಲ್ಲಿ ಎಷ್ಟಿತ್ತೆಂಬುದನ್ನು ಆ ಕೋಣೆಯ ಗೋಡೆಯೇ ಹೇಳುತ್ತಿತ್ತು.

ಅವಳು ಶ್ರೇಣಿಯಿಂದ ಶ್ರೇಣಿಗೆ ಪರೀಕ್ಷೆಗಳನ್ನು ಮುಗಿಸುತ್ತ ಹೋದಂತೆ ನಾನು ಪ್ರಮಾಣಪತ್ರಗಳಿಗೆ ಕಟ್ಟು ಹಾಕಿಸುತ್ತ ಹೋದೆ. ನಾಲ್ಕಕ್ಕೂ ಒಂದೇ ಅಳತೆಯ, ಚಿನ್ನದ ಬಣ್ಣದ ಕಟ್ಟು. ಅವಳು ನಿಂತು ನುಡಿಸುವ ಜಾಗಕ್ಕೆ ನೇರ ಎದುರಿನ ಗೋಡೆಯಲ್ಲಿ, ನೂಲು ಹಿಡಿದು ಗುರುತು ಮಾಡಿ, ಸಾಲಾಗಿ ತೂಗುಹಾಕಿದೆ. ಬಂಧುಗಳು ಬಂದರೆ ಚಹಾ ಆದ ಮೇಲೆ ಮಾಳಿಗೆ ಹತ್ತಿಸಿ ಆ ಗೋಡೆಯನ್ನು ತೋರಿಸದೆ ಕಳುಹಿಸುತ್ತಿರಲಿಲ್ಲ. ನಾಲ್ಕನೆಯದನ್ನು ತೂಗುಹಾಕಿದ ದಿನ ಡ್ರಿಲ್ ಯಂತ್ರ ಹೇಗೂ ಕೈಯಲ್ಲಿತ್ತು. ಐದನೆಯದಕ್ಕೂ ಇರಲಿ ಎಂದು ಅದೇ ಸಾಲಿನಲ್ಲಿ ಇನ್ನೊಂದು ರಂಧ್ರ ಕೊರೆದು ಮೊಳೆಯನ್ನೂ ಹೊಡೆದಿಟ್ಟೆ. ದೂರದೃಷ್ಟಿಯ ಕೆಲಸವೆಂದೇ ಆಗ ಅನಿಸಿತ್ತು.

ಐದನೆಯ ಶ್ರೇಣಿಯಲ್ಲಿ ಅವಳು ತೇರ್ಗಡೆಯಾಗಲಿಲ್ಲ.

ಮನೆಯಲ್ಲಿ ಯಾರೂ ಗದರಲಿಲ್ಲ. “ಮುಂದಿನ ಸಲ ನೋಡೋಣ” ಎಂದೆ. ಪತ್ನಿಯೂ ಹಾಗೆಯೇ ಅಂದಳು. ಆದರೆ ಅವಳ ಅಭ್ಯಾಸದ ಹೊತ್ತು ಕುಗ್ಗುತ್ತ ಬಂದಿತು. ಮೊದಲು ಶಾಲೆಯ ಪಾಠದ ನೆಪ, ಆಮೇಲೆ ಕುತ್ತಿಗೆ ನೋವಿನ ನೆಪ, ಕೊನೆಗೆ ನೆಪವೂ ಇಲ್ಲ. ವಯಲಿನ್ ಪೆಟ್ಟಿಗೆ ಮುಚ್ಚಿಯೇ ಉಳಿಯಿತು. ಸುಮಾರು ಹತ್ತು ತಿಂಗಳು ಆ ಕೋಣೆಯಿಂದ ಒಂದು ಸ್ವರವೂ ಕೇಳಿಬರಲಿಲ್ಲ. ನಾನು ಅವಳ ಶಿಕ್ಷಕಿಯನ್ನು ಕಂಡು ಮಾತನಾಡಿದೆ, ಬೇರೆ ತಂತಿ ತರಿಸಿಕೊಟ್ಟೆ, ಹೊಸ ಬಿಲ್ಲು ಕೊಡಿಸುವೆನೆಂದೆ. ಗೋಡೆಯಲ್ಲಿ ನಾನೇ ಹೊಡೆದಿಟ್ಟ ಬರಿಯ ಮೊಳೆಯ ಯೋಚನೆ ಮಾತ್ರ ನನಗೆ ಹೊಳೆಯಲೇ ಇಲ್ಲ.

ಅದು ಹೊಳೆದದ್ದು ಮಳೆಗಾಲ ಕಳೆದ ಮೇಲೆ. ನಮ್ಮೂರಿನ ಮಳೆ ನಿಮಗೆ ತಿಳಿದದ್ದೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ಆ ವರ್ಷ ಮಾಳಿಗೆಯ ಗೋಡೆ ಒಸರಿ ಬಣ್ಣ ಎದ್ದು ಬಂದಿತ್ತು. ಬಣ್ಣದವನು ಬರುವ ಹಿಂದಿನ ದಿನ ಪತ್ನಿ ನಾಲ್ಕು ಕಟ್ಟುಗಳನ್ನೂ ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಕಪಾಟಿನ ಮೇಲಿಟ್ಟಳು. ಬಣ್ಣ ಒಣಗಿದ ಮೇಲೆ ನಾನು ಮತ್ತೆ ತೂಗುಹಾಕಲು ಹೊರಟಾಗ ತಡೆದಳು. “ಅದನ್ನು ಅಲ್ಲಿ ಹಾಕಬೇಡಿ. ಅವಳು ನುಡಿಸುವಾಗ ನಾಲ್ಕು ಕಾಗದ, ಒಂದು ಮೊಳೆ. ನೀವು ಅಲ್ಲಿ ನಿಂತು ನೋಡಿದ್ದೀರಾ?” ನಾನು ಹೋಗಿ ನಿಂತೆ. ಬಣ್ಣದವನು ಮೊಳೆಯನ್ನು ಕೀಳದೆ ಅದರ ಮೇಲೆಯೇ ಬಣ್ಣ ಹಚ್ಚಿದ್ದ. ಕಟ್ಟುಗಳಿಲ್ಲದ ಗೋಡೆಯಲ್ಲಿ ಅದೊಂದೇ ಎದ್ದು ಕಾಣುತ್ತಿತ್ತು.

ಸಮುವೇಲನ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ದಾವೀದನು ಕಿನ್ನರಿ ನುಡಿಸುತ್ತಿರುವಾಗ ಸೌಲನು ಈಟಿ ಎಸೆಯುವ ಪ್ರಸಂಗವನ್ನು ನೀವು ಓದಿರುತ್ತೀರಿ. ದಾವೀದ ತಪ್ಪಿಸಿಕೊಳ್ಳುತ್ತಾನೆ, ಈಟಿ ಗೋಡೆಗೆ ನಾಟುತ್ತದೆ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಈ ಕಥೆಯನ್ನು ಎಷ್ಟೋ ಸಲ ಹೇಳಿದವನು ನಾನು. ಹೇಳುವಾಗಲೆಲ್ಲ ದಾವೀದನ ಪರವಾಗಿಯೇ ಇದ್ದೆ.

ಅಂದೇ ಮೊಳೆ ಕಿತ್ತು ರಂಧ್ರಕ್ಕೆ ಪುಟ್ಟಿ ತುಂಬಿದೆ. ಇನ್ನು ಆ ಗೋಡೆಗೆ ಏನು ಹಾಕುವುದು? ಬೋಳಾಗಿ ಬಿಡಲು ಮನಸ್ಸು ಒಪ್ಪಲಿಲ್ಲ. ಒಂದು ಒಳ್ಳೆಯ ಚಿತ್ರ ಹಾಕೋಣವೆಂದುಕೊಂಡೆ, ಯಾವುದೆಂದು ನಾನೇ ಹುಡುಕತೊಡಗಿದೆ. ಇಲ್ಲಿಯೂ ಮಗಳನ್ನು ಕೇಳಲಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ನಾನು ಆಗ ಗಮನಿಸಿರಲಿಲ್ಲ.

ಕ್ರೈಸ್ತರ ಮನೆಯ ಸಂಗೀತದ ಕೋಣೆಯೆಂದರೆ ಮೊದಲು ನೆನಪಾಗುವವಳು ಸಂಗೀತಗಾರರ ಪಾಲಕ ಸಂತಳೆನಿಸಿದ ಸೆಸಿಲಿಯಾ. ಅವಳ ಹಬ್ಬ ನವೆಂಬರ್ 22. ಅವಳ ಚಿತ್ರಗಳಲ್ಲಿ ಬಹು ಪ್ರಸಿದ್ಧವಾದದ್ದು ರಾಫೆಲ್ 1510ರ ದಶಕದಲ್ಲಿ ಇಟಲಿಯ ಬೊಲೊನ್ಯಾ ನಗರದ ಒಂದು ಪ್ರಾರ್ಥನಾಲಯಕ್ಕಾಗಿ ಬರೆದದ್ದು. ನೆಪೋಲಿಯನ್ನನ ಕಾಲದಲ್ಲಿ ಫ್ರೆಂಚರು ಅದನ್ನು ಪ್ಯಾರಿಸ್ಸಿಗೆ ಹೊತ್ತೊಯ್ದಿದ್ದರು. 1815ರಲ್ಲಿ ಅದು ಹಿಂದಿರುಗಿತು. ಈಗ ಆ ನಗರದ ಚಿತ್ರಶಾಲೆಯಲ್ಲಿದೆ. ಸೆಸಿಲಿಯಾ ನಡುವೆ ನಿಂತಿದ್ದಾಳೆ. ಆಚೀಚೆ ಪೌಲ, ಯೋಹಾನ, ಅಗಸ್ಟೀನ್, ಮಗ್ದಲದ ಮರಿಯಳು. ಅವಳ ಕೈಯಲ್ಲಿ ಒಂದು ಪುಟ್ಟ ಆರ್ಗನ್. ಆದರೆ ಅದನ್ನು ನುಡಿಸುತ್ತಿಲ್ಲ. ಅದು ಕೆಳಮುಖವಾಗಿ ವಾಲಿದೆ, ಕೊಳವೆಗಳು ಕಳಚಿ ಜಾರುತ್ತಿವೆ. ಕಾಲ ಬಳಿ ನೆಲದ ಮೇಲೆ ತಂತಿವಾದ್ಯ, ಕೊಳಲುಗಳು, ತಾಳಗಳು ಮುರಿದು ಚೆಲ್ಲಿವೆ. ಅವಳ ಕಣ್ಣು ಮೇಲಕ್ಕೆ. ಅಲ್ಲಿ ಮೇಘಗಳ ನಡುವೆ ದೇವದೂತರು ಯಾವ ವಾದ್ಯವೂ ಇಲ್ಲದೆ ಹಾಡುತ್ತಿದ್ದಾರೆ.

ಈ ಚಿತ್ರದ ಅರ್ಥವನ್ನು ನೂರಾರು ವರ್ಷಗಳಿಂದ ದೈವಭಕ್ತರು ವಿವರಿಸುತ್ತ ಬಂದಿದ್ದಾರೆ: ಲೋಕದ ಸಂಗೀತಕ್ಕಿಂತ ಪರಲೋಕದ ಸಂಗೀತ ಮಿಗಿಲು. ಒಪ್ಪತಕ್ಕ ಮಾತೇ. ಒಳ್ಳೆಯ ಮುದ್ರಿತ ಪ್ರತಿಯನ್ನು ತರಿಸಿಯೂ ಬಿಟ್ಟೆ. ಮನೆಗೆ ತಂದು ಬಿಡಿಸಿ ನೋಡಿದಾಗ ಮಾತ್ರ, ಪರೀಕ್ಷೆಯಲ್ಲಿ ಸೋತು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟ ಹುಡುಗಿಯ ಕಣ್ಣೆದುರು, ನೆಲದ ಮೇಲೆ ಮುರಿದು ಬಿದ್ದಿರುವ ವಾದ್ಯಗಳನ್ನು ತೂಗುಹಾಕುವುದೇ ಎಂದು ಕೈ ಹಿಂಜರಿಯಿತು. ಮಹಾಕೃತಿಯೆಂದ ಮಾತ್ರಕ್ಕೆ ಅದು ಎಲ್ಲ ಕೋಣೆಗೂ ಸಲ್ಲುವುದಿಲ್ಲ. ಆ ಪ್ರತಿ ಈಗ ನನ್ನ ಓದುವ ಮೇಜಿನ ಬಳಿ ಇದೆ. ಅಲ್ಲಿ ನುಡಿಸುವವರಾರೂ ಇಲ್ಲವಾದ್ದರಿಂದ ಅದು ನನ್ನೊಬ್ಬನಿಗೆ ಉಪದೇಶ ಮಾಡಿಕೊಂಡಿದೆ.

ಆಮೇಲೆ ರವಿವರ್ಮನ ಯೋಚನೆ ಬಂದಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನು 1889ರಲ್ಲಿ ಬರೆದ ಸಂಗೀತಗಾರ್ತಿಯರ ಗುಂಪಿನ ಚಿತ್ರವನ್ನು ನೋಡದವರು ಕಡಿಮೆ. ಹನ್ನೊಂದು ಮಂದಿ ಸ್ತ್ರೀಯರು, ದೇಶದ ಬೇರೆ ಬೇರೆ ಸೀಮೆಗಳ ಉಡುಗೆ ತೊಡುಗೆ. ಸೊಗಸಾದ ಚಿತ್ರ. ಆದರೆ ಹನ್ನೊಂದು ಮುಖಗಳ ಎದುರು ನಿಂತು ಒಬ್ಬಳು ಹುಡುಗಿ ಅಭ್ಯಾಸ ಮಾಡುವುದೆಂದರೆ ಸಭೆಯ ಮುಂದೆ ನಿಂತಂತೆಯೇ ಅಲ್ಲವೇ? ಅದನ್ನೂ ಬಿಟ್ಟೆ.

ಹೀಗೆ ಹುಡುಕುತ್ತಿರುವಾಗಲೇ ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟ ಚಿತ್ರವೊಂದು ಪುಸ್ತಕದಲ್ಲಿ ಸಿಕ್ಕಿತು. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ವರ್ಮೀರ್ 1670ರ ಸುಮಾರಿಗೆ ಬರೆದದ್ದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ವಸ್ತುವೇ ಮನೆಯೊಳಗಿನ ಸಂಗೀತದ ಕೋಣೆ. ಒಬ್ಬ ಸ್ತ್ರೀ ವರ್ಜಿನಲ್ ಎಂಬ ಹಳೆಯ ಕೀಲಿಮಣೆಯ ವಾದ್ಯದ ಮುಂದೆ ನಿಂತಿದ್ದಾಳೆ. ಅವಳ ಹಿಂದಿನ ಗೋಡೆಯಲ್ಲಿ ಚಿನ್ನದ ಕಟ್ಟಿನ ಒಂದು ಸಣ್ಣ ನಿಸರ್ಗಚಿತ್ರ, ಕಪ್ಪು ಕಟ್ಟಿನಲ್ಲಿ ಬಿಲ್ಲು ಹಿಡಿದ ಮನ್ಮಥನ ದೊಡ್ಡ ಚಿತ್ರ. ಅವೆರಡೂ ಅವಳ ಬೆನ್ನ ಹಿಂದಿವೆ. ನೋಡುವವರು ನಾವು, ಒಳಗೆ ಬಂದ ಅತಿಥಿಗಳು. ಮೂರನೆಯ ಚಿತ್ರವೊಂದಿದೆ. ವಾದ್ಯದ ತೆರೆದ ಮುಚ್ಚಳದ ಒಳಮೈಯಲ್ಲಿ ಒಂದು ಬಯಲಿನ ನೋಟ. ಮುಚ್ಚಳ ಹಾಕಿದಾಗ ಮರೆಯಾಗಿ, ನುಡಿಸಲೆಂದು ತೆರೆದಾಗ ಮಾತ್ರ ಕಾಣುವಂಥದು. ಆ ಕಾಲದ ವಾದ್ಯಗಳ ಮುಚ್ಚಳದೊಳಗೆ ಹೀಗೆ ಚಿತ್ರ ಬರೆಸುವ ರೂಢಿಯಿತ್ತಂತೆ. ನುಡಿಸುವವಳಿಗೊಂದು ಚಿತ್ರ, ಬಂದವರಿಗೊಂದು ಚಿತ್ರ, ಎರಡೂ ಬೇರೆ. ನಾನೋ ಬಂದವರಿಗೆಂದು ಇರಬೇಕಾದುದನ್ನು ನುಡಿಸುವವಳ ಮುಂದೆ ನಾಲ್ಕು ವರ್ಷ ತೂಗುಹಾಕಿದ್ದೆ.

ಕಟ್ಟು ಹಾಕುವ ಅಂಗಡಿಯ ಮುದುಕರೊಬ್ಬರ ಪರಿಚಯ ನನಗಿದೆ. ಸೆಸಿಲಿಯಾಳ ಪ್ರತಿಯನ್ನು ಕೊಡಲು ಹೋದವನು ನಮ್ಮ ಕೋಣೆಯ ವಿಚಾರ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ನುಡಿಸುವವರು ಕೂತು ನುಡಿಸುವುದೋ, ನಿಂತೋ?” ಚಿತ್ರಶಾಲೆಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಅಂಗುಲ ಎತ್ತರಕ್ಕೆ ಬರುವಂತೆ ತೂಗುಹಾಕುವ ವಾಡಿಕೆ, ಅದು ನಿಂತು ನೋಡುವವರ ಕಣ್ಣಿನ ಮಟ್ಟ. ಚಾಪೆಯ ಮೇಲೆ ಕುಳಿತು ಹಾರ್ಮೋನಿಯಂ ನುಡಿಸುವವನಿಗೆ ಆ ಎತ್ತರದ ಚಿತ್ರ ನೋಡಬೇಕಾದರೆ ಕತ್ತು ಮೇಲೆತ್ತಬೇಕು. ನಮ್ಮ ಮನೆಗಳಲ್ಲಿಯಂತೂ ಬಾಗಿಲಿನ ಮೇಲಣ ಪಟ್ಟಿಗೆ ತಾಗುವಷ್ಟು ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ತೂಗುಹಾಕುವ ಅಭ್ಯಾಸ. ಚಿತ್ರಗಳೇ ನಮ್ಮನ್ನು ಮೇಲಿನಿಂದ ಇಣುಕಿ ನೋಡುವಂತೆ.

ಎರಡನೆಯದಾಗಿ ಅವರು ಗಾಜಿನ ಮಾತೆತ್ತಿದರು. ಗಾಜು ಬೆಳಕನ್ನು ಮರಳಿಸುವಂತೆ ಸದ್ದನ್ನೂ ಮರಳಿಸುತ್ತದೆ. ಸಣ್ಣ ಕೋಣೆಯಲ್ಲಿ ಎದುರುಬದುರು ಗೋಡೆಗಳೆರಡೂ ಬೋಳಾಗಿದ್ದರೆ ಸ್ವರ ಅಲ್ಲಿಂದಿಲ್ಲಿಗೆ ಪುಟಿದು ಗಡುಸಾಗುತ್ತದೆ. ದೊಡ್ಡ ದೊಡ್ಡ ಗಾಜಿನ ಕಟ್ಟುಗಳಿಂದ ಅದು ಕಡಿಮೆಯಾಗದು. ಪುಸ್ತಕದ ಕಪಾಟು, ದಪ್ಪ ಪರದೆ, ನೆಲಕ್ಕೊಂದು ಜಮಖಾನ ಇದ್ದರೆ ಒಳ್ಳೆಯದು. ಇನ್ನು ಸಡಿಲವಾಗಿ ಕುಳಿತ ಗಾಜು ಯಾವುದೋ ಒಂದು ಸ್ವರಕ್ಕೆ ತಾನೂ ಕಂಪಿಸಿ ಝೇಂಕರಿಸತೊಡಗುತ್ತದೆ. ಅದಕ್ಕೆ ಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಉಣ್ಣೆಬಟ್ಟೆಯ ಬಿಲ್ಲೆ ಅಂಟಿಸಬೇಕು. ಆಗ ಕಟ್ಟು ಗೋಡೆಗೆ ಬಡಿಯುವುದಿಲ್ಲ. ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ, ಮಳೆಗಾಲದ ತೇವ ಹಿಂಬದಿಯ ಹಲಗೆಗೆ ಏರುವುದಿಲ್ಲ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಮಳೆಯ ಹೊಡೆತ ತಿನ್ನುವ ಹೊರಗೋಡೆಯೂ ಬೇಡ. ನಮ್ಮೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಯೇಸುಸಭೆಯ ಸಹೋದರ ಮೊಸ್ಕೇನಿಯವರು 1899ರಿಂದ 1901ರವರೆಗೆ ಬರೆದ ಚಿತ್ರಗಳೂ ಈ ಹವೆಯ ಕಾಟಕ್ಕೆ ಸಿಕ್ಕಿ, 1990ರ ದಶಕದಲ್ಲಿ ತಜ್ಞರು ಬಂದು ಅವನ್ನು ಉಳಿಸಿಕೊಡಬೇಕಾಯಿತು. ಹಾಗಿರುವಾಗ ನಮ್ಮ ಕಾಗದದ ಗತಿಯೇನು ಎಂದರು.

ಆ ಮಾತಿನ ಬೆಲೆ ನನಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಕೆಳಗಿನ ಕೋಣೆಯ ಮೂಲೆಯಲ್ಲಿ 1969ರ ಕ್ರಿಸ್ಮಸ್ಸಿನಲ್ಲಿ ತೆಗೆದ ಗಾಯನ ಮಂಡಳಿಯ ಛಾಯಾಚಿತ್ರವೊಂದು ತೂಗುತ್ತಿತ್ತು. ಅದಕ್ಕೆ ಹೊಸ ಕಟ್ಟು ಹಾಕಿಸಿದರೆ ಹೇಗೆಂದು ಇಳಿಸಿ ಹಿಂಬದಿಯ ಮೊಳೆಗಳನ್ನು ಕಿತ್ತೆ. ಹಿಂದಿನವರು ಚಿತ್ರವನ್ನು ನೇರವಾಗಿ ಗಾಜಿಗೇ ಒತ್ತಿ ಕಟ್ಟು ಹಾಕಿದ್ದರು. ನಡುವೆ ದಪ್ಪ ಕಾಗದದ ಅಂಚುಪಟ್ಟಿ ಇರಲಿಲ್ಲ. ಹಳೆಯ ಛಾಯಾಚಿತ್ರದ ಮೇಲ್ಪದರದಲ್ಲಿ ಜೆಲಟಿನ್ ಇರುತ್ತದೆ. ತೇವ ಹೀರಿದಾಗ ಅದು ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಐವತ್ತಕ್ಕೂ ಮಿಕ್ಕಿದ ಮಳೆಗಾಲಗಳು ಆ ಕೆಲಸವನ್ನು ಮಾಡಿ ಮುಗಿಸಿದ್ದವು. ನನಗೆ ಇದಾವುದೂ ತಿಳಿಯದು. ಬಲಗಡೆಯ ಮೂಲೆ ಹಿಡಿದು ಮೆಲ್ಲಗೆ ಎಳೆದೆ. ಕಾಗದ ಹರಿದಂಥ ಸಣ್ಣ ಸದ್ದು. ಆ ತುದಿಯಲ್ಲಿ ನಿಂತವಳು ನನ್ನ ತಾಯಿ. ಅವಳ ಭುಜ, ಸೆರಗು, ಕೈಯಲ್ಲಿದ್ದ ಕೀರ್ತನೆಯ ಪುಸ್ತಕ ಗಾಜಿನ ಮೇಲೆಯೇ ಉಳಿದವು. ನನ್ನ ಕೈಗೆ ಬಂದದ್ದು ಬಿಳಿಯ ಕಾಗದ. ಮುಖದ ಹತ್ತಿರ ಕೈ ತಡೆಯಿತು.

ಹಾಗೆಯೇ ಗಾಜುಸಮೇತ ಬಟ್ಟೆಯಲ್ಲಿ ಸುತ್ತಿ ಮುದುಕರ ಬಳಿಗೆ ಓಡಿದೆ. ಅವರು ಬೈಯಲಿಲ್ಲ. “ಇನ್ನು ಮುಟ್ಟಬೇಡಿ ಮಾಸ್ಟ್ರೇ. ಅಂಟಿದ್ದು ಅಂಟಿಯೇ ಇರಲಿ. ಗಾಜಿನ ಮೇಲಿನಿಂದಲೇ ಪ್ರತಿ ತೆಗೆಸಿ” ಎಂದರು. ನಿಮ್ಮ ಮನೆಯಲ್ಲಿಯೂ ಇಂಥ ಹಳೆಯ ಚಿತ್ರವಿದ್ದರೆ ದಯವಿಟ್ಟು ಎಳೆಯಬೇಡಿರಿ, ನೀರು ಹಾಕಿ ನೆನೆಸಲೂ ಹೋಗಬೇಡಿರಿ. ಸ್ಟುಡಿಯೋದವರು ಗಾಜನ್ನು ಒರೆಸಿ, ಹಾಗೆಯೇ ಸ್ಕ್ಯಾನ್ ಮಾಡಿ, ಗಣಕಯಂತ್ರದ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದರು. ಹೋದ ಭಾಗವನ್ನು ತುಂಬಿಕೊಡಬಲ್ಲೆವೆಂದರು. ನಾನು ಬೇಡವೆಂದೆ. ಅಮ್ಮನ ಭುಜವನ್ನು ಯಾರೋ ಊಹಿಸಿ ಬರೆಯುವುದು ನನಗೆ ಸರಿಕಾಣಲಿಲ್ಲ.

ಆ ಪ್ರತಿಯನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಮಗಳು ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಬಹಳ ಹೊತ್ತು ನೋಡುತ್ತ ನಿಂತಳು.

“ಅಪ್ಪಾ, ಎಲ್ಲರೂ ಸ್ಪಷ್ಟವಾಗಿದ್ದಾರೆ. ಅಜ್ಜನ ಕೈ ಮಾತ್ರ ಯಾಕೆ ಮಸುಕು?”

ನಾನು ಅದುವರೆಗೆ ನೋಡಿರಲಿಲ್ಲ. ಹದಿನಾಲ್ಕು ಮಂದಿ ಕ್ಯಾಮರಾಕ್ಕಾಗಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಮುಂದೆ ಹಾರ್ಮೋನಿಯಂ ಎದುರು ಕುಳಿತ ನನ್ನ ತಂದೆಯವರು ಕ್ಯಾಮರಾದ ಕಡೆಗೆ ನೋಡುತ್ತಲೇ ಇಲ್ಲ. ಒಂದು ಕೈ ತಿದಿಯ ಮೇಲೆ, ಇನ್ನೊಂದು ಮನೆಗಳ ಮೇಲೆ. ಎರಡೂ ಬಿಳಿಯ ಮಂಜಿನಂತೆ ಕದಡಿವೆ. ಕತ್ತಲೆಯ ದೇವಾಲಯದೊಳಗೆ ಅಂದಿನ ಕ್ಯಾಮರಾದ ಕಣ್ಣು ತುಸು ಹೊತ್ತು ತೆರೆದೇ ಇರಬೇಕಾಗಿತ್ತು. ಅಷ್ಟು ಹೊತ್ತಾದರೂ ನಿಲ್ಲಿಸಿ ಎಂದು ಛಾಯಾಗ್ರಾಹಕ ಹೇಳಿರಬೇಕು. ಅವರು ನಿಲ್ಲಿಸಿಲ್ಲ.

“ಇದನ್ನು ಮೇಲೆ ಹಾಕೋಣ” ಎಂದಳು.

ಎಲ್ಲಿ, ಎಷ್ಟು ಎತ್ತರದಲ್ಲಿ ಎಂಬುದನ್ನು ಅವಳಿಗೇ ಬಿಟ್ಟೆ. ಎದುರುಗೋಡೆ ಬೇಡವೆಂದಳು, ಅಲ್ಲಿ ಏನೂ ಇರುವುದು ಬೇಡವಂತೆ. ವಯಲಿನ್ ಹಿಡಿದು ನಿಂತು ಎಡಕ್ಕೆ ತುಸು ಕಣ್ಣು ಹೊರಳಿಸಿದರೆ ಕಾಣುವ ಜಾಗವನ್ನು ಪೆನ್ಸಿಲಿನಿಂದ ಗುರುತಿಸಿದಳು. ಗುರುತು ಮಾಡುವುದಕ್ಕಾಗಿಯೇ ಅಂದು ಪೆಟ್ಟಿಗೆ ತೆರೆದದ್ದು. ತಂತಿಗಳೆಲ್ಲ ಸಡಿಲಾಗಿದ್ದವು, ಬಿಗಿ ಮಾಡಲು ಅರ್ಧ ಗಂಟೆ ಹಿಡಿಯಿತು. ನಾನು ಏಣಿಯ ಬಳಿ ಡ್ರಿಲ್ ಹಿಡಿದು ಕಾದು ನಿಂತಿದ್ದೆ. ಕಟ್ಟು ಈ ಸಲ ಸಾದಾ ಸಾಗುವಾನಿಯದು, ಹೊಳಪಿಲ್ಲದ್ದು. ಸುತ್ತ ಎರಡೂವರೆ ಅಂಗುಲದ, ಆಮ್ಲವಿಲ್ಲದ ಕಾಗದದ ಅಂಚುಪಟ್ಟಿ; ಚಿತ್ರ ಗಾಜನ್ನು ಮುಟ್ಟುವುದಿಲ್ಲ. ಬಲತುದಿಯಲ್ಲಿ ಅಮ್ಮನ ಮುಖದ ಕೆಳಗೆ ಬಿಳಿಯ ಭಾಗ ಹಾಗೆಯೇ ಇದೆ. ನಾಲ್ಕು ಪ್ರಮಾಣಪತ್ರಗಳು ಸೀರೆಯ ಗಂಟಿನಲ್ಲಿಯೇ ಇವೆ. ಅವಳು ಕೇಳಿದರೆ ಕೊಡುತ್ತೇನೆ.

ಐದನೆಯ ಶ್ರೇಣಿಯ ಪರೀಕ್ಷೆಗೆ ಅವಳು ಮತ್ತೆ ಹೆಸರು ಕೊಟ್ಟಿಲ್ಲ. ಕೊಡುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ಸಂಜೆ ಒಂದಷ್ಟು ಹೊತ್ತು ಮೇಲಿನಿಂದ ವಯಲಿನ್ ಕೇಳಿಸುತ್ತದೆ. ಕೆಲವೊಮ್ಮೆ ಹಾರ್ಮೋನಿಯಂ ಕೂಡ, ಅದನ್ನು ಯಾರೂ ಅವಳಿಗೆ ಕಲಿಸಿಲ್ಲ. ಉಣ್ಣೆಯ ಬಿಲ್ಲೆ ಅಂಟಿಸುವುದನ್ನು ಅವಸರದಲ್ಲಿ ಮರೆತಿದ್ದೆವು. ಹಾರ್ಮೋನಿಯಮ್ಮಿನ ಒಂದು ತಗ್ಗಿನ ಮನೆಯನ್ನು ಒತ್ತಿದಾಗಲೆಲ್ಲ ಕಟ್ಟಿನ ಗಾಜು ಝುಂಯ್ ಎನ್ನುತ್ತದೆ. ಮುದುಕರ ಅಂಗಡಿಯಿಂದ ಬಿಲ್ಲೆಗಳ ಪೊಟ್ಟಣ ತಂದಿಟ್ಟು ಎರಡು ತಿಂಗಳಾಯಿತು. ಅಂಟಿಸಲು ಅವಳು ಇನ್ನೂ ಬಿಟ್ಟಿಲ್ಲ.